ಸ್ಟೀಲ್ ತಟ್ಟೆಯಲ್ಲಿ ನಿಂಬೆ ಬೀಜ

ಅವರು ಹೋದರು ಅಂತ ತಮ್ಮ ಸುಧಿ ಫೋನ್ ಮಾಡಿದಾಗ ನಾನು ಯಾರದೋ ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ. ಹೌದಾ ಅಂದೆ, ಫೋನಿಟ್ಟೆ, ಇನ್ನೊಂದು ತೋಳನ್ನೂ ಕೂಡಿಸಿ ಮುಗಿಸಿದೆ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಸತ್ತವರ ಬಗ್ಗೆ ಕೆಟ್ಟದಾಗಿ ಮಾತಾಡಬೇಡ ಅಂತ ಸುಧಿ ಆವತ್ತಿನಿಂದ ನನಗೆ ಬುದ್ಧಿ ಹೇಳುತ್ತಲೇ ಇದ್ದಾನೆ. ಬದುಕಿದ್ದಾಗ ಆ ಮನುಷ್ಯ ಯಾರ ಬಗ್ಗೆಯಾದರೂ ಒಂದು ಒಳ್ಳೆಯ ಮಾತಾಡಿದ್ದನ್ನು ಕೇಳಿದ್ದೀಯೇನೋ ಅಂತ ನಾನೂ ಕೇಳುತ್ತಲೇ ಇದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ಅವರಿದ್ದ ಬಸವೇಶ್ವರನಗರದಲ್ಲಿ ಅರ್ಧ ಜನಕ್ಕೆ ಹಳೆಯ ಗಾಯ ಕೆರೆದ ಹಾಗಾಗುತ್ತದೆ. ಯಾವುದೋ ಪಾಲಿಟೆಕ್ನಿಕ್ಕಿನಲ್ಲಿ ವರ್ಕ್‌ಶಾಪ್ ಕಲಿಸಿ ನಿವೃತ್ತರಾದವರು. ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ಬನಿಯನ್ನು, ಖಾಕಿ ಚಡ್ಡಿ ಹಾಕಿಕೊಂಡು, ಹಣೆಗೊಂದು ಭೂತಗನ್ನಡಿ ಕಟ್ಟಿಕೊಂಡು ಕೂತಿರುತ್ತಿದ್ದರು. ರಿಮೋಟಿನಿಂದ ಓಡುವ ಕಾರು, ಹಾರುವ ವಿಮಾನ ಇಂಥವನ್ನು ಕಟ್ಟುವುದು, ಬೇರೆಯವರು ತಂದದ್ದನ್ನು ರಿಪೇರಿ ಮಾಡುವುದು ಅವರ ಹುಚ್ಚು. ಭಾನುವಾರ ಬೆಳಿಗ್ಗೆ ನಾಗರಬಾವಿ ಕಡೆಯ ಖಾಲಿ ಬಯಲಿನಲ್ಲಿ ಅವನ್ನೆಲ್ಲ ಓಡಿಸುತ್ತಿದ್ದರು. ನೋಡಲು ನಿಂತ ಕಾಲೇಜು ಹುಡುಗರಿಗೆ ನಿಂತ ರೀತಿ ಸರಿಯಿಲ್ಲವೆಂದು ಬೈಯುತ್ತಿದ್ದರು. ನೋಡುವುದಕ್ಕೂ ಒಂದು ರೀತಿ ಇರುತ್ತದೆಂದು ನನಗೆ ಗೊತ್ತಾದದ್ದೇ ಅವರಿಂದ.

ಅವರದೊಂದು ಪದ್ಧತಿ ಇತ್ತು. ನಾವೆಲ್ಲ ಅದನ್ನು ಪಂಚನಾಮೆ ಅಂತ ಕರೆಯುತ್ತಿದ್ದೆವು. ರಿಪೇರಿಯಾದ ವಸ್ತುವನ್ನು ಸುಮ್ಮನೆ ಕೈಗೆ ಕೊಡುತ್ತಿರಲಿಲ್ಲ. ಕೆಟ್ಟ ಭಾಗವನ್ನು ಒಂದು ಸ್ಟೀಲ್ ತಟ್ಟೆಯಲ್ಲಿಟ್ಟು, ಮನೆಯವರನ್ನೆಲ್ಲ ಕೂರಿಸಿ, ಇದು ಕೆಟ್ಟಿದ್ದು ಹೇಗೆ, ಕೆಡಿಸಿದ್ದು ಯಾರು ಅಂತ ಎಲ್ಲರೆದುರು ಹೇಳಿದ ಮೇಲೇ ಕೊಡುವುದು. "ಯಂತ್ರ ತಾನಾಗಿ ಕೆಡಲ್ಲ, ಕೆಡಿಸ್ತಾರೆ" ಅನ್ನುವುದು ಅವರ ಮಂತ್ರ. ಚಂದ್ರಾ ಲೇಔಟಿನ ನನ್ನ ಗಿರಾಕಿಯೊಬ್ಬಳ ಮನೆಯ ಮಿಕ್ಸಿ ಸುಟ್ಟಿತ್ತು. ಅತ್ತೆ ಅದನ್ನು ಸೊಸೆಯ ತಲೆಗೆ ಕಟ್ಟಿದ್ದರು. ಈ ಮಹಾಶಯರು ಮಿಕ್ಸಿ ಬಿಚ್ಚಿ, ಸುಟ್ಟ ತಂತಿಯ ಪಕ್ಕದಲ್ಲಿ ಒಂದು ಚಿಟಿಕೆ ಅರಿಶಿನ ಇಟ್ಟು, ಒಣ ಅರಿಶಿನದ ಕೊಂಬು ಹಾಕಿ ತಿರುಗಿಸಿದ್ದು ಯಾರು ಅಂತ ಅತ್ತೆಯ ಮುಖ ನೋಡಿ ಕೇಳಿದರು. ಸೊಸೆ ಗೆದ್ದಳು ಅಂತ ನಿಮಗನ್ನಿಸಬಹುದು. ಆಮೇಲೆ ಅತ್ತೆ ಅವಳ ಜೊತೆ ಮಾತೇ ಬಿಟ್ಟರು, ಒಂದೇ ಮನೆಯಲ್ಲಿ ಎರಡು ಒಲೆ ಹತ್ತಿತು. ನನ್ನ ಹತ್ತಿರ ಅಳತೆ ಕೊಡಲು ಬಂದು ಅತ್ತವಳು ಅವಳೇ. ನಾನೂ ಕತ್ತರಿ ಹಿಡಿದವಳು. ಬ್ಲೌಸು ಬಿಗಿಯಾದರೆ ಯಾರು ದಪ್ಪಗಾದದ್ದು ಅಂತ ಊರು ಸೇರಿಸಿ ಹೇಳುತ್ತಾ ಕೂರುವುದಿಲ್ಲ. ಬಿಚ್ಚಿ ಹೊಲಿದು ಕೊಡುತ್ತೇನೆ.

ಇಷ್ಟೆಲ್ಲ ಗೊತ್ತಿದ್ದೂ ಅವರ ಗೇಟಿಗೆ ಹೋದೆನಲ್ಲ, ಅದಕ್ಕೆ ಕಾರಣ ನಮ್ಮಪ್ಪ ಮತ್ತು ಸುಧಿ.

ಸುಧಿ ಹೈಸ್ಕೂಲಿನಲ್ಲಿದ್ದಾಗ ನಮ್ಮ ಚಿಕ್ಕಪ್ಪ ಫ್ಯಾಕ್ಟರಿಯ ಟ್ರೈನಿಂಗಿಗೆ ಅಂತ ಜಪಾನಿಗೆ ಹೋಗಿ, ಬರುವಾಗ ಅವನಿಗೊಂದು ರಿಮೋಟ್ ಕಾರು ತಂದಿದ್ದರು. ಬಗ್ಗಿ ಅನ್ನುತ್ತಿದ್ದರು. ಹಿಂದೆ ದಪ್ಪ ಮುಳ್ಳು ಮುಳ್ಳಿನ ಚಕ್ರ, ಮುಂದೆ ಸಣ್ಣ ಚಕ್ರ, ಮೇಲೊಂದು ತೆಳ್ಳನೆಯ ಕೆಂಪು ಪ್ಲಾಸ್ಟಿಕ್ ಬಾಡಿ. ಗೋವಿಂದರಾಜನಗರದ ನಮ್ಮ ರಸ್ತೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಸುಧಿ ಅದನ್ನು ಮಗುವಿನ ಹಾಗೆ ನೋಡಿಕೊಂಡ. ಆಯುಧ ಪೂಜೆಯ ಹಿಂದಿನ ದಿನ ಕೆಳಗಿನ ಮುಚ್ಚಳ ಬಿಚ್ಚಿ, ಧೂಳು ಒರೆಸಿ, ಮತ್ತೆ ತಿರುಪು ಹಾಕಿಟ್ಟ. ಪೂಜೆಯ ದಿನ ಬೆಳಿಗ್ಗೆ ಓಡಿದ ಕಾರು ಸಂಜೆ ಓಡಲಿಲ್ಲ. ಮನೆ ತುಂಬ ನೆಂಟರಿದ್ದರು. ಏನು ಮಾಡಿದಿರೋ ಇದನ್ನ ಅಂತ ಚಿಕ್ಕಪ್ಪ ಕೇಳಿದರು. ಅಪ್ಪ ಸುಧಿಯ ಕಡೆ ಕೈ ತೋರಿಸಿ, ಈ ಭಸ್ಮಾಸುರ ನಿನ್ನೆ ಬಿಚ್ಚಿ ಹಾಕಿದ ಅಂದರು. ನಾನಲ್ಲ ಅಂದ. ಸುಳ್ಳು ಬೇರೆ ಹೇಳ್ತೀಯ ಅಂತ ಬೆಲ್ಟು ತೆಗೆದುಕೊಂಡರು. ಚಿಕ್ಕಪ್ಪನೇ ಅಡ್ಡ ಬಂದು ಬಿಡಿಸಬೇಕಾಯಿತು.

ಅವತ್ತಿನಿಂದ ಮನೆಯಲ್ಲಿ ಟ್ಯೂಬ್‌ಲೈಟು ಹೋದರೂ ಭಸ್ಮಾಸುರ, ನಲ್ಲಿ ಸೋರಿದರೂ ಭಸ್ಮಾಸುರ. ಸುಧಿ ಸ್ಕ್ರೂ ಡ್ರೈವರ್ ಮುಟ್ಟುವುದನ್ನೇ ಬಿಟ್ಟ. ಲೆಕ್ಕ ಚೆನ್ನಾಗಿ ಬರುತ್ತಿದ್ದ ಹುಡುಗ, ಇಂಜಿನಿಯರಿಂಗ್ ಅಂದರೆ ಬೇಡ ಅಂದ. ಕಾಮರ್ಸ್ ಓದಿ, ಕೆಂಗೇರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಕೆಲಸಕ್ಕೆ ಸೇರಿ, ಮದುವೆಯಾಗಿ ಅಲ್ಲೇ ಮನೆ ಮಾಡಿದ. ಹಬ್ಬಕ್ಕೆ ಬರುತ್ತಿದ್ದ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತಿದ್ದ, ಊಟ ಮಾಡಿ ಹೊರಡುತ್ತಿದ್ದ. ಅಪ್ಪ ಅಂತ ಕರೆದದ್ದನ್ನು ನಾನು ಎಷ್ಟೋ ವರ್ಷ ಕೇಳಲಿಲ್ಲ. ಹೇಳಬೇಕಾದದ್ದನ್ನು ನನ್ನ ಮೂಲಕ ಹೇಳುತ್ತಿದ್ದ. ಅಪ್ಪನೂ ಅಷ್ಟೇ.

ಅಮ್ಮ ಹೋದ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಉಳಿದಿತ್ತು, ಆದರೆ ಒಂದೊಂದು ಪದಕ್ಕೂ ಕಾಯಬೇಕಿತ್ತು. ಇನ್ನೊಂದು ಸಲ ಹೊಡೆದರೆ ಕಷ್ಟ ಅಂತ ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಇವರಿಬ್ಬರೂ ಒಂದು ಸಲ ನೇರವಾಗಿ ಮಾತಾಡಲಿ ಅನ್ನುವುದೊಂದೇ ನನಗೆ ಹತ್ತಿದ್ದ ಚಿಂತೆ. ಸುಣ್ಣ ಬಳಿಸಲು ಅಟ್ಟ ಖಾಲಿ ಮಾಡಿಸಿದಾಗ ಆ ಕಾರು ಸಿಕ್ಕಿತು. ಬಾಡಿ ಚೂರು ಚೂರಾಗಿತ್ತು. ಪೆಟ್ಟಿಗೆ ಎಂದೋ ರದ್ದಿಗೆ ಹೋಗಿತ್ತು. ಇದನ್ನು ಓಡುವ ಹಾಗೆ ಮಾಡಿಸಿ, ಒಂದು ಭಾನುವಾರ ಸುಧಿಯನ್ನು ಕರೆಸಿ ಅಪ್ಪನ ಮುಂದೆ ಓಡಿಸಿದರೆ ಇಬ್ಬರೂ ಒಂದು ಸಲ ನಕ್ಕಾರು ಅಂತ ನನ್ನ ಲೆಕ್ಕ.

ಆ ಮನುಷ್ಯ ಗೇಟು ತೆಗೆಯಲಿಲ್ಲ. ಒಳಗಿನಿಂದಲೇ, ಕಾರನ್ನು ಎತ್ತಿ ಹಿಡಿ ಅಂದರು. ಸಂತೆಯಲ್ಲಿ ಕೋಳಿ ಹಿಡಿದವಳ ಹಾಗೆ ರಸ್ತೆಯಲ್ಲಿ ಹಿಡಿದು ನಿಂತೆ. ತಿರುಗಿಸು ಅಂದರು, ತಿರುಗಿಸಿದೆ.

"ಇದನ್ನ ಕೊಂದೋರು ಯಾರು?" ಇದು ಅವರು ನನಗೆ ಕೇಳಿದ ಮೊದಲ ಪ್ರಶ್ನೆ.

ಗೊತ್ತಿಲ್ಲ ಸಾರ್ ಅಂದೆ. ಯಾವ ಮಾಡೆಲ್ ಅಂದರು. ಜಪಾನಿಂದು ಸಾರ್ ಅಂದೆ. ಜಪಾನ್ ಅನ್ನೋದು ಮಾಡೆಲ್ಲೇನಮ್ಮ ಅಂದರು. ಶೆಡ್ಡಿನಲ್ಲಿ ಅವರ ಹೆಂಡತಿ ಕಾಫಿ ತಂದಿಟ್ಟರು. ಅದನ್ನು ನನ್ನೆದುರೇ ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, ಆಮೇಲೆ ಗೇಟಿನ ಮೇಲಿಂದ ಕೈ ಚಾಚಿ ಕಾರು ತೆಗೆದುಕೊಂಡರು. ಅವರು ಹಾಗೇ ಕಣಮ್ಮ ಅನ್ನುವಂತೆ ಆ ತಾಯಿ ನನ್ನ ಕಡೆ ಹುಬ್ಬು ಏರಿಸಿದರು. ಅವರು ಹಾಗೇ ಅನ್ನುವ ಮಾತಿನ ಮರೆಯಲ್ಲಿ ಎಂತೆಂಥ ಗಂಡಸರು ಆರಾಮಾಗಿ ಬಾಳಿಹೋಗಿದ್ದಾರೋ.

ಹೆಸರು ಚೀಟಿಯಿಲ್ಲದ ಹಳೆಯ ಕಾರು ಯಾವುದು ಅಂತ ಪತ್ತೆಹಚ್ಚದೆ ಅದಕ್ಕೆ ಬಿಡಿಭಾಗ ಸಿಗುವುದಿಲ್ಲವಂತೆ. ಮುಂದಿನ ಚಕ್ರ ಹಿಡಿದ ತೋಳು ಹೇಗಿದೆ, ಹಿಂದೆ ಹಲ್ಲುಚಕ್ರಗಳ ಡಬ್ಬಿ ಎಷ್ಟು ಉಬ್ಬಿದೆ, ತಿರುಪಿನ ತಲೆ ಯಾವ ಥರದ್ದು, ಇದನ್ನೆಲ್ಲ ನೋಡಬೇಕಂತೆ. ಶೆಡ್ಡಿನಲ್ಲಿದ್ದ ಹಳೆಯ ಫಾರಿನ್ ಪುಸ್ತಕಗಳ ಕಟ್ಟು ಬಿಚ್ಚಿದರು. ವಿಜಯನಗರದ ಸೈಬರ್ ಕೆಫೆಗೆ ಹೋಗಿ ಒಂದೇ ಬೆರಳಲ್ಲಿ ಟೈಪ್ ಮಾಡಿ, ಸ್ಲೋ ಅಂತ ಅಂಗಡಿಯವನಿಗೆ ಬೈದರು. ಕೊನೆಗೊಂದು ಮಾಡೆಲ್ಲಿನ ಹೆಸರು ಹೇಳಿ, ಇದೇ, ಇನ್ನೊಂದು ಮಾತಿಲ್ಲ ಅಂದರು. ಹಲ್ಲುಚಕ್ರ ಸವೆದಿತ್ತು, ಸಿಂಗಪುರದಲ್ಲಿದ್ದ ಹಳೆಯ ಶಿಷ್ಯನೊಬ್ಬನಿಂದ ಹೊಸದು ತರಿಸಿದರು. ಅದು ಬರುವವರೆಗೆ ನಾನು ಹೋದಾಗಲೆಲ್ಲ ಗೇಟಿನಿಂದಲೇ ವಾಪಸ್ಸು.

ಒಂದು ದಿನ ಅವರೇ ಫೋನ್ ಮಾಡಿ ತಕ್ಷಣ ಬಾ ಅಂದರು. ಒಂದು ಬ್ಲೌಸನ್ನು ಅರ್ಧಕ್ಕೆ ಬಿಟ್ಟು ಬಸ್ ಹತ್ತಿ ಹೋದೆ. ಅವತ್ತು ಗೇಟು ತೆಗೆದರು. ಸ್ಟೂಲಿನ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಸಿಂಗಪುರದಿಂದ ಬಂದ ಹೊಸ ಹಲ್ಲುಚಕ್ರ. ಅದು ಕೂರುತ್ತಿಲ್ಲವಂತೆ. ಕಾರಿನ ಹೊಟ್ಟೆಗೆ ಮೆತ್ತಿದ್ದ ಕೊಳೆಯನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದಾಗ ಅಡಿಯಲ್ಲಿ ಅಚ್ಚಿನ ನಂಬರು ಸಿಕ್ಕಿತಂತೆ. ಅದು ಬೇರೆಯೇ ಮಾಡೆಲ್ಲು.

"ತಪ್ಪು ನಂದು. ತೊಳೆಯೋಕೆ ಮುಂಚೆ ಹೆಸರು ಹೇಳ್ಬಿಟ್ಟೆ. ಕೇಳಿಸ್ತಾ?" ಅಂತ ನನಗೇ ಗದರುವ ದನಿಯಲ್ಲಿ ಅಂದರು.

ಕೇಳಿಸ್ತು ಸಾರ್ ಅಂದೆ. ಅಷ್ಟು ಹೇಳುವುದಕ್ಕೆ ನನ್ನನ್ನು ಅಷ್ಟು ದೂರ ಕರೆಸಿದ್ದು. ತನ್ನ ತಪ್ಪು ಒಪ್ಪಿಕೊಳ್ಳುವಾಗಲೂ ಎದುರಿನವರಿಗೆ ಬೈಸಿಕೊಂಡ ಹಾಗಾಗಬೇಕು, ಅಂಥ ವಿದ್ಯೆ.

ನಾನು ಎದ್ದೆ. ಕೂತ್ಕೋ ಅಂದರು. ಆ ಕೊಳೆಯಲ್ಲಿ ಕುಂಕುಮ ಇತ್ತು, ಎಲ್ಲಿಂದ ಬಂತು ಅಂತ ಕೇಳಿದರು. ಆಯುಧ ಪೂಜೆ ಸಾರ್ ಅಂದೆ. ಪೂಜೆ ಮಾಡಿದ್ದು ಯಾರು ಅಂದರು. ಆಗ ನೆನಪಾಗಿ ನಗು ಬಂತು, ನಗುತ್ತಲೇ ಹೇಳಿದೆ. ಸ್ಕೂಟರಿಗೆ ಮಾಡಿದ ಹಾಗೆ ಇದಕ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸಬೇಕು ಅಂತ ಅಪ್ಪ ಹಟ ಹಿಡಿದರು. ಆಟದ ಕಾರು, ಇಡೀ ಹಣ್ಣು ಹತ್ತುತ್ತದೆಯೇ? ಹಣ್ಣನ್ನು ಹೋಳು ಮಾಡಿ, ಕುಂಕುಮ ಹಚ್ಚಿ, ಹಿಂದಿನ ಚಕ್ರಕ್ಕೆ ಒತ್ತಿಟ್ಟು, ಸುಧಿಯ ಕೈಯಿಂದ ರಿಮೋಟು ಕಿತ್ತುಕೊಂಡು ತಾವೇ ಜೋರಾಗಿ ಒತ್ತಿದರು. ಚಕ್ರ ನಿಂತಲ್ಲೇ ಗಿರಗಿರ ತಿರುಗಿ ರಸವೆಲ್ಲ ಎರಚಿತು. ಅಪ್ಪನ ಬಿಳಿ ಪಂಚೆಯೂ ಕೆಂಪಾಯಿತು. ಎಲ್ಲರೂ ನಕ್ಕಿದ್ದೆವು.

ಅವರು ನಗಲಿಲ್ಲ. ಡ್ರಾಯರಿನಿಂದ ಒಂದು ತಾಮ್ರದ ಪಟ್ಟಿ ತೆಗೆದು ತಟ್ಟೆಯಲ್ಲಿಟ್ಟರು. ರಿಮೋಟು ಒತ್ತಿದಾಗ ಬ್ಯಾಟರಿಯಿಂದ ಮೋಟಾರಿಗೆ ಕರೆಂಟು ಬಿಡುವ ಪಟ್ಟಿಯಂತೆ ಅದು. ಹುಳಿ ತಿಂದು ಹಸಿರು ಕಿಲುಬು ಹಿಡಿದು ತೂತು ಬಿದ್ದಿತ್ತು. ಅದರ ಕೆಳಗೇ ಸಿಕ್ಕಿದ್ದು ಅಂತ ಪಕ್ಕದಲ್ಲಿ ಇನ್ನೊಂದನ್ನಿಟ್ಟರು. ಒಣಗಿ ಕಪ್ಪಾದ ನಿಂಬೆ ಬೀಜ.

ನನ್ನ ನಗು ಅಲ್ಲಿಗೇ ನಿಂತಿತು. ಬೆಲ್ಟು ಕಣ್ಣ ಮುಂದೆ ಬಂತು. ಸುಧಿ ಬಿಚ್ಚಿಟ್ಟದ್ದು, ಅಪ್ಪ ಅವನನ್ನು ಹೊಡೆದದ್ದು ಎಲ್ಲ ಅವರಿಗೆ ಹೇಳಿದೆ.

ಎಷ್ಟು ಕೇಳಿಕೊಂಡೆ ಆ ಮನುಷ್ಯನನ್ನು! ಅಪ್ಪನಿಗೆ ಹುಷಾರಿಲ್ಲ, ಇನ್ನೊಂದು ಆಘಾತ ತಡೆಯಲ್ಲ, ಹಳೆಯದಾಗಿ ಕೆಟ್ಟಿತ್ತು ಅಂತ ಹೇಳಿ ಕೊಟ್ಟುಬಿಡಿ ಸಾರ್ ಅಂದೆ. ಕೈ ಮುಗಿದೆ. ಹೇಳದೆ ಇದ್ದರೆ ಗಾಡಿ ಕೊಡಲ್ಲ ಅಂದರು. ಹಾಗಾದ್ರೆ ಇಟ್ಟುಕೊಳ್ಳಿ ಅಂತ ಎದ್ದು ಬಂದೆ. ಆದರೆ ನಮ್ಮ ಮನೆಯ ಫೋನ್ ನಂಬರು ಅವರ ಹತ್ತಿರ ಇತ್ತು. ಅಪ್ಪನಿಗೇ ಫೋನ್ ಮಾಡಿ, ನಿಮ್ಮ ಮಗನನ್ನೂ ಕರೆಸಿ, ಭಾನುವಾರ ಕಾರು ತರ್ತೀನಿ ಅಂದಿದ್ದರು. ಅಪ್ಪ ಸಡಗರದಿಂದ ಸುಧಿಗೆ ಹೇಳು ಅಂತ ನನಗೆ ಹೇಳಿದರು. ಆ ಮುಖ ನೋಡಿ ಸುಧಿಗೆ ಫೋನ್ ಮಾಡಿದೆ.

ಆ ಭಾನುವಾರ ಅವರು ಇಸ್ತ್ರಿ ಶರ್ಟು ಹಾಕಿಕೊಂಡು ಬಂದರು. ಹಣೆಗೆ ಭೂತಗನ್ನಡಿ, ಚೀಲದಲ್ಲಿ ಕಾರು, ರಿಮೋಟು, ಕಂಕುಳಲ್ಲಿ ಅದೇ ತಟ್ಟೆ. ಕಾರು ಮಾತ್ರ, ಸುಳ್ಳು ಯಾಕೆ ಹೇಳಲಿ, ನೋಡುವ ಹಾಗಿತ್ತು. ಹಿತ್ತಾಳೆಯಲ್ಲಿ ಹಲ್ಲುಚಕ್ರ ತಾವೇ ಕೊರೆದಿದ್ದರು. ಮರದಲ್ಲಿ ಅಚ್ಚು ಕೆತ್ತಿ, ಅದರ ಮೇಲೆ ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆ ಎಳೆದು ಹೊಸ ಬಾಡಿ ಮಾಡಿ, ಹಳೆಯ ಚೂರಿನ ಕೆಂಪನ್ನೇ ಹೊಂದಿಸಿ ಬಣ್ಣ ಹಚ್ಚಿದ್ದರು. ಸುಧಿ ಬಾಗಿಲ ಹತ್ತಿರದ ತನ್ನ ಕುರ್ಚಿಯಲ್ಲಿದ್ದವನು ಅದನ್ನು ನೋಡಿ ಎದ್ದು ನಿಂತ. ಮುಟ್ಟಲಿಲ್ಲ.

ತಟ್ಟೆಯನ್ನು ಅಪ್ಪನ ಮಂಚದ ಮೇಲಿಟ್ಟರು. ಎಡಗೈಗೆ ಬೀಜ ಕೊಟ್ಟರು.

"ನಿಮ್ಮ ಮಗ ಬಿಚ್ಚಿದ್ದಕ್ಕೆ ಇದು ಕೆಟ್ಟಿಲ್ಲ. ಅವನು ತಿರುಪು ಸರಿಯಾಗೇ ಹಾಕಿದ್ದ. ನೀವು ನಿಂಬೆಹಣ್ಣಿನ ಮೇಲೆ ಓಡಿಸಿದ್ರಲ್ಲ, ಅದಕ್ಕೆ ಕೆಟ್ಟಿದ್ದು."

ಹಾಸಿಗೆ ಹಿಡಿದವರ ಮುಂದೆ, ಪಿನ್ ಕೋಡ್ ಹೇಳಿದಷ್ಟು ಸಲೀಸಾಗಿ ಹೇಳಿದರು. ಅವರ ಕುತ್ತಿಗೆ ಪಟ್ಟಿ ಹಿಡಿದು ಹೊರಗೆ ಹಾಕಬೇಕು ಅನ್ನಿಸಿತು. ಸುಧಿ ಗೋಡೆ ನೋಡುತ್ತಿದ್ದ. ಅವರು ಅವನ ಕಡೆ ತಿರುಗಿ, ಗೇಟಿನ ಹತ್ತಿರ ನನ್ನ ಸೈಕಲ್ಲಿನಲ್ಲಿ ಬ್ಯಾಟರಿ ಇದೆ, ತಗೊಂಡು ಬಾ ಅಂದರು. ಅವನು ಹೋದ.

ಅಪ್ಪ ಬೀಜವನ್ನೇ ನೋಡುತ್ತಿದ್ದರು. ಆಮೇಲೆ ಬಾಯಿ ತೆರೆದರು. ನಿಧಾನಕ್ಕೆ, ಆದರೆ ಸ್ಪಷ್ಟವಾಗಿ.

"ನಂಗೊತ್ತಿತ್ತು. ಅವತ್ತು ಮಧ್ಯಾಹ್ನವೇ ನಾನು ಬಾಡಿ ಎತ್ತಿ ನೋಡಿದ್ದೆ. ಒಳಗೆಲ್ಲ ರಸ. ಸಂಜೆ ನನ್ನ ತಮ್ಮ ಕೇಳ್ದ, ನೆಂಟರೆಲ್ಲ ಇದ್ರು. ನನ್ನ ಮಾನ ಹೋಗತ್ತೆ ಅಂತ ಹುಡುಗನ್ನ ತೋರಿಸ್ಬಿಟ್ಟೆ."

ತಿಳಿಯದೆ ಹೊಡೆದರು ಅಂತ ನಾವು ಅಂದುಕೊಂಡಿದ್ದು. ತಿಳಿದೇ ಹೊಡೆದಿದ್ದರು. ಅಷ್ಟೂ ವರ್ಷ ತಿಳಿದೇ ಭಸ್ಮಾಸುರ ಅಂದಿದ್ದರು. ಇದು ಸುಧಿಯ ಕಿವಿಗೆ ಬಿದ್ದರೆ ಮುಗಿಯಿತು ಅಂತ ಬಾಗಿಲ ಕಡೆ ನೋಡಿದೆ. ಸುಧಿ ಬ್ಯಾಟರಿ ಹಿಡಿದು ಒಳಗೆ ಬರುತ್ತಿದ್ದ.

"ಅಪ್ಪ ಏನೋ ಅಂದ್ರಲ್ಲ, ಏನಂತೆ?" ಅಂತ ಕೇಳಿದ. ನನ್ನನ್ನಲ್ಲ, ಆ ಮನುಷ್ಯನನ್ನು.

ಯಾರ ಮುಲಾಜೂ ಇಲ್ಲದ ಬಾಯಿ ಅದು. ಅವರು ಭೂತಗನ್ನಡಿಯನ್ನು ಹಣೆಯಿಂದ ಬಿಚ್ಚಿ, ಶರ್ಟಿನ ತುದಿಯಲ್ಲಿ ಒರೆಸಿದರು. ಅಪ್ಪನ ಮುಖ ನೋಡಿದರು.

"ಗೊತ್ತೇ ಇರ್ಲಿಲ್ವಂತೆ. ಗೊತ್ತಿದ್ರೆ ಮಗನ ಮೇಲೆ ಕೈ ಎತ್ತುತ್ತಿದ್ನಾ ಅಂತಾರೆ" ಅಂದರು.

ಅಪ್ಪನ ಕಣ್ಣಿಂದ ನೀರು ಇಳಿಯಿತು. ಸುಧಿ ನೆಲದ ಮೇಲೆ ಕೂತು, ತಾನೇ ಬ್ಯಾಟರಿ ಹಾಕಿ, ರಿಮೋಟನ್ನು ಅಪ್ಪನ ಎಡಗೈಗೆ ಕೊಟ್ಟು, "ಓಡಿಸಪ್ಪ" ಅಂದ. ಅಪ್ಪ ಹೆಬ್ಬೆರಳು ಒತ್ತಿದರು. ಕಾರು ನೆಗೆದು ನನ್ನ ಹೊಲಿಗೆ ಮಿಷನ್ನಿನ ಕಾಲಿಗೆ ಹೋಗಿ ಗುದ್ದಿತು. ಇಬ್ಬರೂ ನಕ್ಕರು. ನನ್ನ ಲೆಕ್ಕ ಸರಿಯಾಯಿತು, ನನ್ನಿಂದಲ್ಲ ಅನ್ನುವುದೊಂದೇ ಉರಿ.

ಅದಾದ ಮೇಲೆ ಸುಧಿ ವಾರ ವಾರವೂ ಬಂದ. ಅಪ್ಪನಿಗೆ ಗಡ್ಡ ಹೆರೆದ, ಬೆನ್ನು ಒರೆಸಿದ. ಕೊನೆಯ ಹೊತ್ತಿನಲ್ಲಿ ಬಾಯಿಗೆ ನೀರು ಬಿಟ್ಟವನೂ ಅವನೇ. ಇನ್ನೊಂದು ಚಾಳಿಯೂ ಅಂಟಿತು. ಭಾನುವಾರ ಬೆಳಿಗ್ಗೆ ನಾಗರಬಾವಿ ಬಯಲಿನಲ್ಲಿ ಆ ಮನುಷ್ಯನ ಪಕ್ಕ ನಿಂತು ಬೈಸಿಕೊಳ್ಳುವುದು. ಸ್ಕ್ರೂ ಡ್ರೈವರ್ ಮತ್ತೆ ಕೈಗೆ ಬಂತು. ನಮ್ಮ ಮನೆಯ ಮಿಕ್ಸಿ, ಗ್ರೈಂಡರ್ ಎಲ್ಲ ಈಗ ಅವನೇ ಬಿಚ್ಚುತ್ತಾನೆ.

ಒಮ್ಮೆ ಬಸವೇಶ್ವರನಗರದಲ್ಲಿ ಅವರು ತಮ್ಮ ಗೇಟಿನ ಹತ್ತಿರವೇ ಸಿಕ್ಕಾಗ ಕೇಳಿಯೇಬಿಟ್ಟೆ. ಅಷ್ಟು ಕೈ ಮುಗಿದರೂ ನನಗೋಸ್ಕರ ಒಂದು ಸುಳ್ಳು ಹೇಳಲಿಲ್ಲ, ಆಮೇಲೆ ಅಂಥ ದೊಡ್ಡ ಸುಳ್ಳು ಹೇಗೆ ಹೇಳಿದಿರಿ ಅಂದೆ. "ಯಂತ್ರದ ವಿಷಯದಲ್ಲಿ ನಾನು ಸುಳ್ಳು ಹೇಳಿಲ್ಲ, ಹೋಗಮ್ಮ" ಅಂದರು. ನನ್ನ ಮುಖದ ಮೇಲೇ ಗೇಟು ಹಾಕಿಕೊಂಡರು. ಆ ಗುಟ್ಟನ್ನು ನನ್ನ ತಲೆಗೆ ಕಟ್ಟಿ ತಾವು ನಿಶ್ಚಿಂತೆಯಾಗಿ ಕೂತರು. ಅಪ್ಪ ಹೋದ ಮೇಲೆ ಅದನ್ನು ಹೊತ್ತವರು ನಾವಿಬ್ಬರೇ. ಈಗ ಅವರೂ ಹೋದ ಮೇಲೆ ನಾನೊಬ್ಬಳೇ ಅಂತ ಅಂದುಕೊಂಡಿದ್ದೆ.

ವೈಕುಂಠ ಸಮಾರಾಧನೆಗೆ ಸುಧಿ ನನ್ನನ್ನು ಬಲವಂತವಾಗಿ ಕರೆದುಕೊಂಡು ಹೋದ. ಊಟಕ್ಕೆ ಮುಂಚೆ ಒಬ್ಬೊಬ್ಬರೇ ಎದ್ದು ಎರಡು ಮಾತಾಡಿದರು. ಖಂಡಿತವಾದಿ, ನೇರ ಮನುಷ್ಯ ಅಂದರು. ಬೈಸಿಕೊಂಡವರೆಲ್ಲ ಬೈಗುಳವನ್ನು ಪ್ರಸಾದ ಅಂದರು. ಸುಧಿಯೂ ಎದ್ದು, ಇವರ ಬಾಯಲ್ಲಿ ನಾನು ಒಂದು ಸುಳ್ಳು ಕೇಳಿಲ್ಲ ಅಂದ. ನಾನು ಎಲೆಯ ಮುಂದೆ ತಲೆ ತಗ್ಗಿಸಿ ಕೂತೆ. ಬಡಿಸಿದ ಹೋಳಿಗೆಯನ್ನು ಎಲೆಯ ಅಂಚಿಗೆ ಸರಿಸಿದೆ.

ವಾಪಸ್ಸು ಬರುವಾಗ ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಸ್ಕೂಟರು ನಿಂತಿತು. ಇನ್ನು ತಡೆಯಲಾಗಲಿಲ್ಲ. ಒಂದು ಸುಳ್ಳು ಹೇಳಿದ್ದಾರೆ ಕಣೋ, ನಿನಗೇ ಹೇಳಿದ್ದಾರೆ ಅಂದೆ.

ಸುಧಿ ತಿರುಗಲಿಲ್ಲ. "ಗೊತ್ತಕ್ಕ. ಬ್ಯಾಟರಿ ಹಿಡ್ಕೊಂಡು ಬಾಗಿಲ ಹಿಂದೇನೇ ನಿಂತಿದ್ದೆ. ಅಪ್ಪ ಅಂದಿದ್ದೆಲ್ಲ ಕೇಳಿಸ್ತು."

"ಮತ್ಯಾಕೋ ಕೇಳ್ದೆ, ಏನಂತೆ ಅಂತ?"

"ಅವರು ಏನ್ ಹೇಳ್ತಾರೋ ಅದರ ಮೇಲೆ ಇತ್ತು. ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ದಿದ್ರೆ ಬ್ಯಾಟರಿ ಅಲ್ಲೇ ಇಟ್ಟು ಹೊರಟೋಗ್ತಿದ್ದೆ. ಅಪ್ಪನ ಹೆಣ ಹೊರೋದಕ್ಕೂ ಬರ್ತಿರ್ಲಿಲ್ಲ. ಅಂಥ ಮನುಷ್ಯ ನನಗೋಸ್ಕರ ಸುಳ್ಳು ಹೇಳ್ದ ಅಂದ್ಮೇಲೆ, ನಾನು ಅಪ್ಪನ ಮೇಲಿನ ಸಿಟ್ಟನ್ನ ಇನ್ನೇನಂತ ಹಿಡ್ಕೊಂಡು ಕೂರ್ಲಿ?"

ಸಿಗ್ನಲ್ ಬಿಟ್ಟಿತು. ಹಿಂದಿನವರು ಹಾರ್ನ್ ಹೊಡೆದರು. ಮನೆ ಬರುವವರೆಗೆ ಸುಧಿಯ ಬೆನ್ನಿಗೆ ಹಣೆ ಒತ್ತಿ ಅಳುತ್ತಿದ್ದೆ.

ಗೇಟಿನಲ್ಲಿ ಕೋಳಿ ಹಿಡಿದವಳ ಹಾಗೆ ನಿಲ್ಲಿಸಿದ್ದನ್ನು ನಾನು ಮರೆತಿಲ್ಲ. ನನ್ನೆದುರು ಕಾಫಿ ಕುಡಿದದ್ದನ್ನು, ಹಾಸಿಗೆ ಹಿಡಿದವರ ಮುಂದೆ ತಟ್ಟೆ ಇಟ್ಟದ್ದನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆ ಒಂದು ಸುಳ್ಳಿಗೆ ಮಾತ್ರ ಬದುಕಿದ್ದಾಗಲೇ ಹೋಗಿ ಕಾಲಿಗೆ ಬೀಳಬೇಕಿತ್ತು. ಹೋಗಿದ್ದರೂ ಆ ಮನುಷ್ಯ ಗೇಟು ತೆಗೆಯುತ್ತಿರಲಿಲ್ಲ, ಬಿಡಿ.